ಡಿಪ್ರೆಶನ್ ಇದ್ದಾಗ ವ್ಯಾಯಾಮ: ನಿಜಕ್ಕೂ ಉಪಯೋಗ ಇದೆಯಾ, ಶುರು ಮಾಡುವುದು ಹೇಗೆ?

"ವಾಕಿಂಗ್ ಮಾಡಿದರೆ ಡಿಪ್ರೆಶನ್ ಹೋಗುತ್ತಾ?" ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ನನಗೆ ಬರುತ್ತಲೇ ಇರುತ್ತದೆ. ಕೆಲವರು ಮಾತ್ರೆ ನುಂಗುವುದು ಬೇಡ ಎಂದು ಕೇಳುತ್ತಾರೆ. ಕೆಲವರು ಮಾತ್ರೆ ತೆಗೆದುಕೊಳ್ಳುತ್ತಲೇ, ಜೊತೆಗೆ ಇನ್ನೇನಾದರೂ ಮಾಡಬಹುದಾ ಎಂದು ಕೇಳುತ್ತಾರೆ. ಮಗಳಿಗೋಸ್ಕರ, ಗಂಡನಿಗೋಸ್ಕರ, ವಯಸ್ಸಾದ ಅಪ್ಪನಿಗೋಸ್ಕರ ಕೇಳುವವರೂ ಇದ್ದಾರೆ. ಹಾಗಾಗಿ ಗೊತ್ತಿರುವುದನ್ನೆಲ್ಲ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಚಿಕ್ಕ ಉತ್ತರ: ಹೌದು, ಸಹಾಯ ಆಗುತ್ತದೆ. ಎಲ್ಲರಿಗೂ ಆಗುವುದಿಲ್ಲ, ಆದರೆ ಬಹಳ ಜನರಿಗೆ ಆಗುತ್ತದೆ. ತೊಂದರೆ ಇರುವುದು ಬೇರೆ ಕಡೆ. ವ್ಯಾಯಾಮಕ್ಕೆ ಶಕ್ತಿ ಬೇಕು, ಆಸೆ ಬೇಕು, ನಾಳೆ ಸ್ವಲ್ಪ ಚೆನ್ನಾಗಿರಬಹುದು ಅನ್ನುವ ನಂಬಿಕೆ ಬೇಕು. ಈ ಕಾಯಿಲೆ ಮೊದಲು ಕಿತ್ತುಕೊಳ್ಳುವುದು ಈ ಮೂರನ್ನೇ. ಹಾಸಿಗೆಯಿಂದ ಎದ್ದು ಹಲ್ಲುಜ್ಜುವುದೇ ಬೆಟ್ಟ ಹತ್ತಿದ ಹಾಗೆ ಅನ್ನಿಸುವವರಿಗೆ "ದಿನಾ ಅರ್ಧ ಗಂಟೆ ನಡೀರಿ" ಅಂದರೆ ಏನು ಪ್ರಯೋಜನ? ನಾನೂ ಕೆಲವು ವರ್ಷ ಈ ಕಾಯಿಲೆಯ ಜೊತೆ ಬದುಕಿದವಳು. ಆಗ ಕೇಳಿದ ಬುದ್ಧಿಮಾತುಗಳಲ್ಲಿ ಹೆಚ್ಚಿನವು ಸುಳ್ಳಾಗಿರಲಿಲ್ಲ, ಆದರೆ ಅವನ್ನು ಕೈಗೆತ್ತಿಕೊಳ್ಳುವ ದಾರಿಯನ್ನು ಯಾರೂ ಹೇಳಿರಲಿಲ್ಲ. ಅದಕ್ಕೇ ಈ ಲೇಖನದ ದೊಡ್ಡ ಪಾಲು ಶುರು ಮಾಡುವುದರ ಬಗ್ಗೆಯೇ ಇದೆ.

ಮುಂದೆ ಓದುವ ಮುಂಚೆ

ಬದುಕು ಸಾಕು ಅನ್ನಿಸುತ್ತಿದ್ದರೆ, ನಿಮಗೆ ನೀವೇ ಏನಾದರೂ ಮಾಡಿಕೊಳ್ಳುವ ಯೋಚನೆ ಬರುತ್ತಿದ್ದರೆ, ದಿನಗಟ್ಟಲೆ ಅನ್ನ ನೀರು ಸೇರುತ್ತಿಲ್ಲವಾದರೆ, ಯಾರೂ ಇಲ್ಲದಾಗ ಮಾತುಗಳು ಕೇಳಿಸುತ್ತಿದ್ದರೆ, ಈ ಲೇಖನವನ್ನು ಇಲ್ಲಿಗೇ ಬಿಡಿ. ನಂಬುವ ಒಬ್ಬರಿಗೆ ಈಗಲೇ ಹೇಳಿ. ಸಹಾಯವಾಣಿಗೆ ಫೋನ್ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಒಬ್ಬರೇ ಇರಬೇಡಿ. ವ್ಯಾಯಾಮದ ಮಾತು ಆಮೇಲೆ.

ಅಧ್ಯಯನಗಳು ಏನು ಹೇಳುತ್ತವೆ

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 1999ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಡಿಪ್ರೆಶನ್ ಇದ್ದ, 50 ವಯಸ್ಸು ದಾಟಿದ 156 ಜನರನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ವಾರಕ್ಕೆ ಮೂರು ಸಲ ವ್ಯಾಯಾಮ. ಇನ್ನೊಂದಕ್ಕೆ ಸರ್ಟ್ರಾಲಿನ್ ಎಂಬ ಮಾತ್ರೆ. ಮೂರನೆಯದಕ್ಕೆ ಎರಡೂ. 16 ವಾರ ಕಳೆದ ಮೇಲೆ ನೋಡಿದರೆ ಮೂರೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಚೇತರಿಸಿಕೊಂಡಿದ್ದರು. ಆದರೆ ಮೊದಲ ಕೆಲವು ವಾರಗಳಲ್ಲಿ ಬೇಗ ಕೆಲಸ ಮಾಡಿದ್ದು ಮಾತ್ರೆ. ಈ ಎರಡನೆಯ ಮಾತನ್ನು ಬಹಳ ಜನ ಬಿಟ್ಟು ಹೇಳುತ್ತಾರೆ, ನೀವು ಮರೆಯಬೇಡಿ.

2024ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ದೊಡ್ಡ ಮೆಟಾ ಅನಾಲಿಸಿಸ್ ಬಂತು. ಮೆಟಾ ಅನಾಲಿಸಿಸ್ ಅಂದರೆ ಬೇರೆ ಬೇರೆ ಅಧ್ಯಯನಗಳ ಲೆಕ್ಕವನ್ನು ಒಟ್ಟುಗೂಡಿಸಿ ನೋಡುವುದು. 218 ಅಧ್ಯಯನಗಳು, 14,170 ಜನ. ನಡಿಗೆ ಅಥವಾ ನಿಧಾನ ಓಟ, ಯೋಗ, ಮಾಂಸಖಂಡಗಳನ್ನು ಬಲಪಡಿಸುವ ಕಸರತ್ತು, ಇವೆಲ್ಲದರಿಂದಲೂ ಲಕ್ಷಣಗಳು ಗಮನಿಸುವಷ್ಟು ಕಡಿಮೆಯಾಗಿದ್ದವು. ಸ್ವಲ್ಪ ಬಿರುಸಾಗಿ ಮಾಡಿದವರಿಗೆ ಲಾಭ ಜಾಸ್ತಿ ಇತ್ತು.

ಇಲ್ಲಿ ಒಂದು ಮಿತಿ ಇದೆ. ಮಾತ್ರೆಯ ಪ್ರಯೋಗದಲ್ಲಿ ಒಬ್ಬರಿಗೆ ನಿಜವಾದ ಮಾತ್ರೆ, ಇನ್ನೊಬ್ಬರಿಗೆ ಸುಳ್ಳು ಮಾತ್ರೆ ಕೊಟ್ಟು, ಯಾರಿಗೆ ಯಾವುದು ಎಂದು ಗುಟ್ಟಾಗಿ ಇಡಬಹುದು. ವ್ಯಾಯಾಮವನ್ನು ಹಾಗೆ ಮುಚ್ಚಿಡಲು ಆಗುವುದಿಲ್ಲ. ನಡೆದವರಿಗೆ ತಾವು ನಡೆದಿದ್ದು ಗೊತ್ತೇ ಇರುತ್ತದೆ. ಒಳ್ಳೆಯದಾಗುತ್ತದೆ ಅನ್ನುವ ನಿರೀಕ್ಷೆಯೂ ಫಲಿತಾಂಶದಲ್ಲಿ ಸೇರಿಕೊಳ್ಳುತ್ತದೆ. ಹಾಗಾಗಿ ಲಾಭ ಅಧ್ಯಯನಗಳು ತೋರಿಸುವುದಕ್ಕಿಂತ ಸ್ವಲ್ಪ ಕಡಿಮೆಯೇ ಇರಬಹುದು. ಚಿಕಿತ್ಸೆಗಳ ಅಧ್ಯಯನಗಳನ್ನು ಒಟ್ಟುಮಾಡಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2013ರ ವಿಮರ್ಶೆಯಲ್ಲಿ, ಕಟ್ಟುನಿಟ್ಟಾಗಿ ನಡೆಸಿದ ಅಧ್ಯಯನಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದಾಗ ಲಾಭ ಚಿಕ್ಕದಾಗಿಯೇ ಕಂಡಿತ್ತು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು 2012ರ ಒಂದು ಬ್ರಿಟಿಷ್ ಪ್ರಯೋಗ. ಅದರಲ್ಲಿ 361 ಜನ ಇದ್ದರು. ಅರ್ಧದಷ್ಟು ಜನರಿಗೆ ಮಾಮೂಲಿ ಚಿಕಿತ್ಸೆಯ ಜೊತೆಗೆ, ಚಟುವಟಿಕೆ ಹೆಚ್ಚಿಸಿಕೊಳ್ಳಿ ಎಂದು ಸಲಹೆ ಮತ್ತು ಪ್ರೋತ್ಸಾಹ ಕೊಟ್ಟರು. ಅವರ ಚಟುವಟಿಕೆ ಹೆಚ್ಚಿತು, ಆದರೆ ಡಿಪ್ರೆಶನ್ ಉಳಿದವರಿಗಿಂತ ಹೆಚ್ಚೇನೂ ಇಳಿಯಲಿಲ್ಲ. ಲಾಭ ಕಂಡ ಅಧ್ಯಯನಗಳಲ್ಲಿ ಬಹುಪಾಲು ನಿಗದಿತ ದಿನ, ನಿಗದಿತ ಹೊತ್ತು, ಜೊತೆಗೊಬ್ಬರು ನಿಂತು ಮಾಡಿಸಿದಂಥವು. "ಸ್ವಲ್ಪ ಓಡಾಡಿಕೊಂಡಿರಿ" ಅನ್ನುವ ಮಾತಿಗೂ, "ಮಂಗಳವಾರ ಐದು ಗಂಟೆಗೆ ಬರ್ತೀನಿ, ಒಟ್ಟಿಗೆ ಹೋಗೋಣ" ಅನ್ನುವ ಮಾತಿಗೂ ಎಷ್ಟು ವ್ಯತ್ಯಾಸ ಇದೆ ನೋಡಿ.

ಯಾಕೆ ಸಹಾಯ ಆಗುತ್ತದೆ? ಎಂಡಾರ್ಫಿನ್ ಎಂಬ ಖುಷಿಯ ರಾಸಾಯನಿಕ ಅನ್ನುವ ಕಥೆ ಎಲ್ಲರೂ ಕೇಳಿರುತ್ತೀರಿ. ಅಷ್ಟೇ ಆಗಿದ್ದರೆ ವಿಷಯ ಸರಳವಾಗಿರುತ್ತಿತ್ತು. ಮಿದುಳಿನ ನರಕೋಶಗಳು ಬೆಳೆಯಲು ನೆರವಾಗುವ ಬಿಡಿಎನ್‌ಎಫ್ ಎಂಬ ಪ್ರೋಟೀನ್ ವ್ಯಾಯಾಮದಿಂದ ಹೆಚ್ಚುತ್ತದೆ. ನಿದ್ದೆ ಸುಧಾರಿಸುತ್ತದೆ. ಮತ್ತೆ ಒಂದು ಸಣ್ಣ ಕೆಲಸ ಮಾಡಿ ಮುಗಿಸಿದೆ ಅನ್ನುವ ಅನುಭವ ಸಿಗುತ್ತದೆ. ಇದರಲ್ಲಿ ಯಾವುದು ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

ಈಗ ಕೆಲಸಕ್ಕೆ ಬರೋಣ.

ಹಂತ 1: ಮೊದಲು ಡಾಕ್ಟರ ಹತ್ತಿರ ಮಾತಾಡಿ

ಇದನ್ನು ಹಾರಿಸಿ ಮುಂದೆ ಹೋಗಬೇಡಿ. ಮೈ ಭಾರ, ಸುಸ್ತು, ಮಂಕು, ಇವು ಡಿಪ್ರೆಶನ್‌ನಿಂದಲೇ ಬರಬೇಕೆಂದಿಲ್ಲ. ಥೈರಾಯ್ಡ್ ಕಡಿಮೆ ಇದ್ದರೂ, ರಕ್ತಹೀನತೆ ಇದ್ದರೂ, ಬಿ12 ವಿಟಮಿನ್ ಕೊರತೆ ಇದ್ದರೂ ಹೀಗೇ ಆಗುತ್ತದೆ. ಒಂದು ರಕ್ತಪರೀಕ್ಷೆಯಲ್ಲಿ ಇದು ಗೊತ್ತಾಗುತ್ತದೆ.

ಡಾಕ್ಟರು ನಿಮಗೆ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ಕೊಡಬಹುದು. ಹೆಸರು ಕೇಳಿ ಗಾಬರಿ ಬೇಡ. ಕಳೆದ ಎರಡು ವಾರ ಹೇಗಿದ್ದಿರಿ ಎಂಬ ಬಗ್ಗೆ ಒಂಬತ್ತು ಪ್ರಶ್ನೆಗಳು, ಅಷ್ಟೇ. ಒಟ್ಟು ಅಂಕ 0ಯಿಂದ 27. ಅಂಕ 10 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸರಿಯಾಗಿ ವಿಚಾರಿಸಬೇಕು, 20 ಅಥವಾ ಅದಕ್ಕಿಂತ ಹೆಚ್ಚಿದ್ದರೆ ತೀವ್ರ ಎಂದು ಲೆಕ್ಕ. ಆ ಅಂಕವನ್ನು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಾಗೆಯೇ ನೀವು ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ ತೋರಿಸಿ ಕೇಳಿ. ಇದು ಯಾಕೆ ಮುಖ್ಯ ಅಂದರೆ:

ಲಿಥಿಯಂ ತೆಗೆದುಕೊಳ್ಳುವವರು ವಿಪರೀತ ಬೆವರಿ, ನೀರು ಕುಡಿಯದೆ ಇದ್ದರೆ ರಕ್ತದಲ್ಲಿ ಲಿಥಿಯಂ ಮಟ್ಟ ಅಪಾಯಕ್ಕೆ ಏರಬಹುದು. ಕೈ ನಡುಕ ಜಾಸ್ತಿಯಾದರೆ, ವಾಂತಿ ಭೇದಿ ಶುರುವಾದರೆ, ನಡೆಯುವಾಗ ತೂರಾಡಿದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಅಮಿಟ್ರಿಪ್ಟಿಲಿನ್‌ನಂಥ ಹಳೆಯ ಮಾತ್ರೆಗಳಲ್ಲಿ, ಕೂತಲ್ಲಿಂದ ಥಟ್ಟನೆ ಎದ್ದರೆ ರಕ್ತದೊತ್ತಡ ಇಳಿದು ತಲೆ ಸುತ್ತಬಹುದು. ನಿಧಾನ ಏಳಿ. ನೆಲದ ಮೇಲೆ ಮಲಗಿ ಮಾಡುವ ಆಸನಗಳಾದ ಮೇಲೆ ಇನ್ನೂ ನಿಧಾನ.

ಪ್ರೊಪ್ರನೊಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆ ಎದೆಬಡಿತವನ್ನು ತಗ್ಗಿಸಿಡುತ್ತದೆ. ಹಾಗಾಗಿ ಕೈಗಡಿಯಾರ ತೋರಿಸುವ ನಾಡಿಬಡಿತ ನೋಡಿ ವ್ಯಾಯಾಮದ ಬಿರುಸು ಅಳೆಯಲು ಹೋಗಬೇಡಿ.

ಎಚ್ಚರ: ನಿಮಗೆ ಬೈಪೋಲಾರ್ ಕಾಯಿಲೆ ಇದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ. ಇದರಲ್ಲಿ ಕುಗ್ಗಿದ ಮನಸ್ಥಿತಿ ಮತ್ತು ವಿಪರೀತ ಉಬ್ಬಿದ ಮನಸ್ಥಿತಿ ಎರಡೂ ಬಂದು ಹೋಗುತ್ತವೆ. ನಿದ್ದೆಯೇ ಬೇಡ ಅನ್ನಿಸಿ ಗಂಟೆಗಟ್ಟಲೆ ವ್ಯಾಯಾಮ ಮಾಡುವ ಹುರುಪು ಬಂದರೆ ಅದು ಚೇತರಿಕೆ ಇರಲಾರದು. ಅನ್ನ ಬಿಟ್ಟು ತೂಕ ಇಳಿಸುವ ಹಟಕ್ಕೆ ಹಿಂದೆ ಬಿದ್ದಿದ್ದವರೂ ಮೊದಲೇ ಹೇಳಬೇಕು. ಹೃದಯದ ತೊಂದರೆ, ನಡೆದಾಗ ಎದೆನೋವು ಇರುವವರು, ಬಸುರಿಯರು ಮತ್ತು ಹೊಸದಾಗಿ ಹೆತ್ತವರು ಎಷ್ಟು ಮಾಡಬಹುದೆಂದು ಕೇಳಿಕೊಂಡೇ ಶುರು ಮಾಡಿ.

ಹಂತ 2: ಮಾತ್ರೆ, ಕೌನ್ಸೆಲಿಂಗ್ ಯಾವುದನ್ನೂ ನಿಲ್ಲಿಸಬೇಡಿ

ಇದೊಂದನ್ನು ಕೈಮುಗಿದು ಹೇಳುತ್ತೇನೆ. ವಾಕಿಂಗ್ ಶುರು ಮಾಡಿ ನಾಲ್ಕು ದಿನ ಚೆನ್ನಾಗಿ ಅನ್ನಿಸಿದ ಕೂಡಲೇ ಮಾತ್ರೆ ಬಿಡುವವರು ಇದ್ದಾರೆ. ಒಮ್ಮೆಲೇ ಬಿಟ್ಟರೆ ತಲೆಸುತ್ತು, ವಾಕರಿಕೆ, ಕಿರಿಕಿರಿ, ನಿದ್ದೆಗೇಡು ಬರಬಹುದು, ಕಾಯಿಲೆಯೂ ಮರಳಬಹುದು. ಮಾತ್ರೆ ಕಡಿಮೆ ಮಾಡುವ ಆಸೆ ತಪ್ಪಲ್ಲ. ಅದನ್ನು ಡಾಕ್ಟರ ಜೊತೆ ಕೂತು, ಹಂತ ಹಂತವಾಗಿ ಮಾಡಬೇಕು.

ಕಾಯಿಲೆ ತೀವ್ರವಾಗಿಲ್ಲದಿದ್ದರೆ ವ್ಯಾಯಾಮವೇ ಮೊದಲ ಚಿಕಿತ್ಸೆಗಳಲ್ಲಿ ಒಂದಾಗಬಹುದು. ಬ್ರಿಟನ್ನಿನ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿಯಲ್ಲಿ ಅಂಥವರಿಗೆ ಹೇಳುವ ಚಿಕಿತ್ಸೆಗಳ ಪಟ್ಟಿಯಲ್ಲಿ ಗುಂಪು ವ್ಯಾಯಾಮವೂ ಇದೆ. ತೀವ್ರವಾಗಿದ್ದರೆ ಅದು ಬೇರೆ ಚಿಕಿತ್ಸೆಯ ಜೊತೆಗೆ ಇರಬೇಕಾದದ್ದು.

ಹಂತ 3: ಮೊದಲ ಹೆಜ್ಜೆ ನಂಬಲಾಗದಷ್ಟು ಚಿಕ್ಕದಿರಲಿ

ಈ ಲೇಖನದಲ್ಲಿ ಒಂದೇ ಭಾಗ ಓದುತ್ತೀರಿ ಅಂದರೆ ಇದನ್ನು ಓದಿ.

"ಮನಸ್ಸಾದಾಗ ಹೋಗ್ತೀನಿ" ಅಂದುಕೊಂಡರೆ ಹೋಗುವುದೇ ಇಲ್ಲ. ಆ ಮನಸ್ಸನ್ನೇ ತಾನೇ ಕಾಯಿಲೆ ಹಿಡಿದಿಟ್ಟುಕೊಂಡಿರುವುದು. ಬಿಹೇವಿಯರಲ್ ಆಕ್ಟಿವೇಶನ್ ಎಂಬ ಚಿಕಿತ್ಸಾ ವಿಧಾನ ಒಂದಿದೆ. ಅದರ ತಿರುಳು ಇಷ್ಟು: ಮನಸ್ಸು ಬರಲಿ ಎಂದು ಕಾಯದೆ ಕೆಲಸವನ್ನು ಮೊದಲು ಮಾಡಿ, ಮನಸ್ಸು ಹಿಂದಿನಿಂದ ಬರುತ್ತದೆ. ಕೆಲವು ದಿನ ಬರುವುದಿಲ್ಲ, ಆದರೂ ಕೆಲಸ ಆಗಿರುತ್ತದೆ. ಇದು ಸಾಧ್ಯ ಆಗಬೇಕಾದರೆ, ಆಸೆ ಇಲ್ಲದೆಯೂ ಮಾಡಬಹುದಾದಷ್ಟು ಚಿಕ್ಕ ಕೆಲಸವನ್ನೇ ಆರಿಸಿಕೊಳ್ಳಬೇಕು.

ಎಷ್ಟು ಚಿಕ್ಕದು? ನಿಮ್ಮ ಅತ್ಯಂತ ಕೆಟ್ಟ ದಿನವನ್ನು ನೆನಪು ಮಾಡಿಕೊಳ್ಳಿ. ಅವತ್ತೂ ಮಾಡಬಹುದಾಗಿದ್ದ ಕೆಲಸ ಯಾವುದು? ಅದೇ ನಿಮ್ಮ ಆರಂಭ.

ಹಾಸಿಗೆ ಬಿಟ್ಟು ಏಳಲಾಗದವರು ಮಲಗಿದಲ್ಲೇ ಪಾದಗಳನ್ನು ಹತ್ತು ಸಲ ಹಿಂದೆ ಮುಂದೆ ಮಾಡಿ, ಮಂಡಿಯನ್ನು ಐದು ಸಲ ಮಡಚಿ ಬಿಡಿಸಿ. ಏಳಲು ಆಗುತ್ತದೆ ಅನ್ನುವವರು ಕುರ್ಚಿಯಿಂದ ಐದು ಸಲ ಎದ್ದು ಕೂತು ಮಾಡಿ. ಅದೂ ಆಗುತ್ತದೆ ಅನ್ನುವವರು ಚಪ್ಪಲಿ ಹಾಕಿಕೊಂಡು ಬಾಗಿಲ ಹೊರಗೆ ಹೋಗಿ ಎರಡು ನಿಮಿಷ ನಿಂತು ಬನ್ನಿ. ನಡೆಯಲೇಬೇಕೆಂದಿಲ್ಲ. ಮುಂದಿನ ವಾರ ಬೀದಿಯ ಕೊನೆವರೆಗೆ ಹೋಗಿ ಬಂದರಾಯಿತು.

"ಇಷ್ಟಕ್ಕೆ ಏನಾಗುತ್ತೆ?" ಎಂದು ಮನಸ್ಸು ಕೇಳಿಯೇ ಕೇಳುತ್ತದೆ. ಐದು ಸಲ ಎದ್ದು ಕೂತರೆ ಡಿಪ್ರೆಶನ್ ಇಳಿಯುವುದಿಲ್ಲ, ನಿಜ. ಈ ಹಂತದ ಕೆಲಸ ಅದಲ್ಲ. ನಿಂತುಹೋದ ಗಡಿಯಾರಕ್ಕೆ ಕೀಲಿ ಕೊಡುವುದಷ್ಟೇ ಇಲ್ಲಿನ ಕೆಲಸ. ಮಿಕ್ಕಿದ್ದು ಹಂತ 5ರಲ್ಲಿ.

ಹೊತ್ತು ಗೊತ್ತು ಮಾಡಿಕೊಳ್ಳಿ. "ದಿನಕ್ಕೊಂದು ಸಲ" ಅನ್ನಬೇಡಿ. "ಮಧ್ಯಾಹ್ನದ ಊಟದ ತಟ್ಟೆ ಎತ್ತಿಟ್ಟ ಕೂಡಲೇ" ಅನ್ನಿ. ದಿನಾ ಹೇಗಿದ್ದರೂ ಆಗುವ ಒಂದು ಕೆಲಸದ ಬಾಲಕ್ಕೆ ಇದನ್ನು ಗಂಟು ಹಾಕಿದರೆ, ಈಗ ಹೋಗಲೋ ಆಮೇಲೆ ಹೋಗಲೋ ಎಂದು ಯೋಚಿಸುವ ಶ್ರಮ ಉಳಿಯುತ್ತದೆ. ಡಿಪ್ರೆಶನ್‌ನಲ್ಲಿ ಚಿಕ್ಕ ತೀರ್ಮಾನ ಕೂಡ ಎಷ್ಟು ಸುಸ್ತು ಮಾಡುತ್ತದೆ ಎಂದು ಅನುಭವಿಸಿದವರಿಗೆ ಗೊತ್ತು. ಬಟ್ಟೆ, ಚಪ್ಪಲಿ, ಬೀಗದ ಕೈ, ಇವನ್ನು ಹಿಂದಿನ ರಾತ್ರಿಯೇ ಕಣ್ಣಿಗೆ ಬೀಳುವ ಜಾಗದಲ್ಲಿ ಇಡಿ.

ಬೆಳಗ್ಗೆಯೇ ಮಾಡಬೇಕಾ? ಬೆಳಗಿನ ಬೆಳಕು ನಿದ್ದೆಯ ಗಡಿಯಾರವನ್ನು ಸರಿ ಮಾಡಲು ನೆರವಾಗುತ್ತದೆ, ಆಗುವವರು ಬೆಳಗ್ಗೆ ಮಾಡಿ. ಆದರೆ ಡಿಪ್ರೆಶನ್ ಇರುವ ಬಹಳ ಜನರಿಗೆ ಬೆಳಗಿನ ಹೊತ್ತೇ ಅತಿ ಭಾರ, ಸಂಜೆ ಹೊತ್ತಿಗೆ ಸ್ವಲ್ಪ ಹಗುರ. ನೀವು ಆ ಗುಂಪಿನವರಾದರೆ ಬೆಳಗ್ಗೆ ಐದಕ್ಕೆ ಏಳುವ ಶಪಥ ಮಾಡಬೇಡಿ. ಸಂಜೆ ಹೋಗಿ. ಮಲಗುವ ಮುಂಚಿನ ಒಂದು ಗಂಟೆ ಮಾತ್ರ ಬಿರುಸಿನ ವ್ಯಾಯಾಮ ಬೇಡ.

ಎಚ್ಚರ: ಮೊದಲ ದಿನವೇ ಜಿಮ್‌ಗೆ ಒಂದು ವರ್ಷದ ಹಣ ಕಟ್ಟಬೇಡಿ. ದುಬಾರಿ ಶೂ ತರಬೇಡಿ. ಅವು ಮೂಲೆಯಲ್ಲಿ ಕೂತರೆ ನೋಡಿದಾಗಲೆಲ್ಲ "ನನ್ನ ಕೈಲಿ ಏನೂ ಆಗಲ್ಲ" ಅನ್ನುವ ಮಾತಿಗೆ ಸಾಕ್ಷಿಯಾಗುತ್ತವೆ.

ಹಂತ 4: ಯಾವ ವ್ಯಾಯಾಮ ಎಂದು ಆರಿಸಿ

ನಿಮಗೆ ಹಿಂದೆ ಯಾವಾಗಲಾದರೂ ಯಾವುದು ಇಷ್ಟ ಇತ್ತೋ ಅದು. ಈಗ ಯಾವುದೂ ಇಷ್ಟ ಆಗುವುದಿಲ್ಲ, ಗೊತ್ತು. ಅದಕ್ಕೇ "ಹಿಂದೆ" ಅಂದೆ. ಶಾಲೆಯಲ್ಲಿ ಸೈಕಲ್ ಹೊಡೆಯುತ್ತಿದ್ದಿರಾ, ಈಜುತ್ತಿದ್ದಿರಾ, ಹಾಡು ಹಾಕಿಕೊಂಡು ಕುಣಿಯುತ್ತಿದ್ದಿರಾ?

ಏನೂ ಹೊಳೆಯದಿದ್ದರೆ ನಡಿಗೆ. ಕಲಿಯಬೇಕಾಗಿಲ್ಲ, ಯಾವಾಗ ಬೇಕಾದರೂ ವಾಪಸ್ ತಿರುಗಬಹುದು. ನಡಿಗೆ, ಓಟ, ಸೈಕಲ್, ಈಜು ಇವನ್ನು ಏರೋಬಿಕ್ ವ್ಯಾಯಾಮ ಅನ್ನುತ್ತಾರೆ. ಉಸಿರು ಮತ್ತು ಎದೆಬಡಿತ ಏರುವ ಹಾಗೆ ಸ್ವಲ್ಪ ಹೊತ್ತು ಬಿಡದೆ ಮಾಡುವಂಥವು.

ಸ್ಟ್ರೆಂತ್ ಟ್ರೇನಿಂಗ್ ಅಂದರೆ ಮಾಂಸಖಂಡಗಳಿಗೆ ಭಾರ ಕೊಡುವುದು. ಇದಕ್ಕೆ ಜಿಮ್ ಬೇಕಿಲ್ಲ. ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈ ಊರಿ ತಳ್ಳುವುದು, ಹಿಮ್ಮಡಿ ಎತ್ತಿ ಇಳಿಸುವುದು ಸಾಕು. ಹೊರಗೆ ಹೋಗಲು, ಯಾರದಾದರೂ ಮುಖ ನೋಡಲು ಕಷ್ಟ ಆಗುವವರಿಗೆ ಇದು ಒಳ್ಳೆಯ ದಾರಿ. ಆ 2024ರ ವಿಶ್ಲೇಷಣೆಯಲ್ಲಿ, ಜನ ಅರ್ಧಕ್ಕೆ ಬಿಡದೆ ಮುಂದುವರಿಸಿದ್ದು ಯೋಗ ಮತ್ತು ಸ್ಟ್ರೆಂತ್ ಟ್ರೇನಿಂಗನ್ನೇ ಹೆಚ್ಚಾಗಿ. ಬಿಟ್ಟುಬಿಡುವ ಭಯ ಇರುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಯೋಗದ ಬಗ್ಗೆ ಒಂದು ಮಾತು. ಕಣ್ಣು ಮುಚ್ಚಿ ಸುಮ್ನೆ ಕೂತರೆ ಕೆಲವರಿಗೆ ಕೆಟ್ಟ ಯೋಚನೆಗಳೇ ಸುತ್ತಿ ಸುತ್ತಿ ಬರುತ್ತವೆ. ಹಾಗಾದರೆ ಕಣ್ಣು ತೆರೆದೇ ಇರಿ. ಸೂರ್ಯ ನಮಸ್ಕಾರದಂಥ, ಮೈ ಚಲಿಸುತ್ತಲೇ ಇರುವ ಅಭ್ಯಾಸ ಆರಿಸಿಕೊಳ್ಳಿ. ಅದು ನಿಮ್ಮ ತಪ್ಪಲ್ಲ, ಅಭ್ಯಾಸ ಸಾಲದು ಅಂತಲೂ ಅಲ್ಲ.

ಹಂತ 5: ನಿಧಾನ ಹೆಚ್ಚಿಸಿ

ದೊಡ್ಡವರಿಗೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಬಿರುಸಿನ ಚಟುವಟಿಕೆ, ಜೊತೆಗೆ ಎರಡು ದಿನ ಸ್ಟ್ರೆಂತ್ ಟ್ರೇನಿಂಗ್. ಇದು ತಲುಪಬೇಕಾದ ಜಾಗ, ಹೊರಡುವ ಜಾಗ ಅಲ್ಲ. "ಏನೂ ಮಾಡದಿರುವುದಕ್ಕಿಂತ ಸ್ವಲ್ಪ ಮಾಡುವುದು ಮೇಲು" ಅನ್ನುವ ಮಾತೂ ಅದೇ ಮಾರ್ಗಸೂಚಿಯಲ್ಲಿದೆ.

ಮಧ್ಯಮ ಬಿರುಸು ಎಂದರೆ ಎಷ್ಟು? ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಒಂದೆರಡು ಪದಕ್ಕೆಲ್ಲ ಏದುಸಿರು ಬಂದರೆ ಜಾಸ್ತಿಯಾಯಿತು. ಯಾವ ಯಂತ್ರವೂ ಬೇಡ.

ನಡಿಗೆಗೆ ಒಂದು ಲೆಕ್ಕ ಹೀಗೆ ಇಟ್ಟುಕೊಳ್ಳಬಹುದು:

1–2ನೇ ವಾರ: ದಿನಾ 5 ನಿಮಿಷ, ಆರಾಮಾಗಿ.
3–4ನೇ ವಾರ: 10 ನಿಮಿಷ, ವಾರಕ್ಕೆ 4–5 ದಿನ.
5–6ನೇ ವಾರ: 15 ನಿಮಿಷ. ನಡುವೆ ಎರಡು ಸಲ, ಒಂದೊಂದು ನಿಮಿಷ ಬಿರುಸಾಗಿ. ವಾರದಲ್ಲಿ ಎರಡು ದಿನ ಕುರ್ಚಿ, ಗೋಡೆ, ಹಿಮ್ಮಡಿ ಕಸರತ್ತು ಎಂಟೆಂಟು ಸಲ.
7–9ನೇ ವಾರ: 20–25 ನಿಮಿಷ, ಅರ್ಧದಷ್ಟು ಹೊತ್ತು ಬಿರುಸಾಗಿ.
10–12ನೇ ವಾರ: 30 ನಿಮಿಷ, ಹೆಚ್ಚಿನ ಹೊತ್ತು ಬಿರುಸಾಗಿ, ವಾರಕ್ಕೆ 3ರಿಂದ 5 ದಿನ.

ಒಂದು ಸಾಲಿನಿಂದ ಮುಂದಿನದಕ್ಕೆ ಹೋಗಲು ಎರಡು ವಾರದ ಬದಲು ನಾಲ್ಕು ವಾರ ಬೇಕಾದರೆ ತೆಗೆದುಕೊಳ್ಳಿ. ಮೊದಲನೇ ಸಾಲಿನಲ್ಲೇ ಒಂದು ತಿಂಗಳು ಇದ್ದರೂ ಪರವಾಗಿಲ್ಲ. ಆದರೆ ಮೈಗೆ ಅಭ್ಯಾಸ ಆದ ಮೇಲೂ 5 ನಿಮಿಷದಲ್ಲೇ ನಿಲ್ಲಬೇಡಿ. 2005ರಲ್ಲಿ ಪ್ರಕಟವಾದ 12 ವಾರಗಳ ಒಂದು ಅಮೆರಿಕನ್ ಅಧ್ಯಯನ ಈ ಪ್ರಮಾಣದ ಪ್ರಶ್ನೆಯನ್ನೇ ನೋಡಿತು. ಅದರಲ್ಲಿದ್ದದ್ದು 80 ಜನ. ಶಿಫಾರಸು ಮಾಡಿದಷ್ಟು ವ್ಯಾಯಾಮ ಮಾಡಿದವರ ಲಕ್ಷಣಗಳು ಸರಾಸರಿ 47% ಇಳಿದವು. ತೀರಾ ಕಡಿಮೆ ಮಾಡಿದವರಲ್ಲಿ 30%, ಬರೀ ಮೈ ಸಡಿಲಿಸುವ ಕಸರತ್ತು ಮಾಡಿದವರಲ್ಲಿ 29%. ಅಂದರೆ ಕಡಿಮೆ ಪ್ರಮಾಣಕ್ಕೂ ಸುಮ್ಮನೆ ಮೈ ಚಾಚುವುದಕ್ಕೂ ವ್ಯತ್ಯಾಸವೇ ಇರಲಿಲ್ಲ. ವಾರಕ್ಕೆ ಮೂರು ದಿನ ಮಾಡಿದರೂ ಐದು ದಿನ ಮಾಡಿದರೂ ಫಲ ಒಂದೇ ಆಗಿತ್ತು, ವಾರದ ಒಟ್ಟು ಮೊತ್ತ ಮುಖ್ಯ. ಚಿಕ್ಕ ಅಧ್ಯಯನ, ಆದರೂ ದಿನಾ ಹೋಗಲು ಆಗದವರಿಗೆ ಇದು ಸಮಾಧಾನದ ಸುದ್ದಿ.

ಎಚ್ಚರ: ಒಳ್ಳೆಯ ದಿನ ಬಂದಾಗ ಕಳೆದ ಒಂದು ವಾರದ ಬಾಕಿಯನ್ನೆಲ್ಲ ಒಟ್ಟಿಗೆ ತೀರಿಸಲು ಹೋಗಬೇಡಿ. ಒಂದು ಗಂಟೆ ಓಡಿ, ಮರುದಿನ ಕೈಕಾಲು ನೋವು, ಆಮೇಲೆ ಮೂರು ದಿನ ಹಾಸಿಗೆ. ಹೀಗೆ ನಿಂತುಹೋದವರನ್ನು ನಾನು ಬಹಳ ನೋಡಿದ್ದೇನೆ. ಒಳ್ಳೆಯ ದಿನವೂ ಪಟ್ಟಿಯಲ್ಲಿ ಇದ್ದಷ್ಟೇ ಮಾಡಿ. ನಡುವೆ ಎದೆನೋವು, ತಲೆಸುತ್ತು, ತಾಳಲಾಗದ ಏದುಸಿರು ಬಂದರೆ ನಿಲ್ಲಿಸಿ ಡಾಕ್ಟರನ್ನು ಕಾಣಿ.

ಹಂತ 6: ಜೊತೆಗೆ ಒಬ್ಬರನ್ನು ಸೇರಿಸಿಕೊಳ್ಳಿ

ಒಬ್ಬರೇ ಮಾಡಲು ಆಗದಿದ್ದರೆ ನಾಚಿಕೆ ಬೇಡ. ಗೆಳತಿ, ತಮ್ಮ, ಪಕ್ಕದ ಮನೆಯವರು, ಯಾರಾದರೂ ಸರಿ. ವಾರಕ್ಕೆ ಎರಡು ದಿನ ಇಷ್ಟು ಗಂಟೆಗೆ ಬಾಗಿಲಿಗೆ ಬನ್ನಿ ಎಂದು ಕೇಳಿ. ಕಾರಣ ಪೂರ್ತಿ ಬಿಡಿಸಿ ಹೇಳಬೇಕೆಂದಿಲ್ಲ. ಗುಂಪಿನಲ್ಲಿ ಮಾಡುವ ತರಗತಿ ಇದ್ದರೆ ಹಿಂದಿನ ಸಾಲಿನಲ್ಲಿ ನಿಂತು ಮಾಡಿ ಬಂದರೂ ಸಾಕು.

ಇಲ್ಲಿ ಮನೆಯವರಿಗೆ ನಾಲ್ಕು ಮಾತು ಹೇಳಲೇಬೇಕು. "ಏಳು, ಸೋಮಾರಿ ಆಗಿದ್ದೀಯ, ನಾಲ್ಕು ಸುತ್ತು ಹೊಡೆದರೆ ಎಲ್ಲ ಸರಿಹೋಗುತ್ತೆ" ಅನ್ನಬೇಡಿ. ಆ ಮಾತನ್ನು ಅವರು ಒಳಗೊಳಗೇ ದಿನಕ್ಕೆ ನೂರು ಸಲ ತಮಗೆ ತಾವೇ ಹೇಳಿಕೊಂಡಿರುತ್ತಾರೆ. ಅದರ ಬದಲು ನೀವೇ ಚಪ್ಪಲಿ ಮೆಟ್ಟಿಕೊಂಡು, "ನಾನು ಹೊರಟೆ, ತಿರುವಿನವರೆಗೆ ಬರ್ತೀಯಾ?" ಎಂದು ಕೇಳಿ. ಬರಲ್ಲ ಅಂದರೆ "ಆಯ್ತು, ನಾಳೆ ಕೇಳ್ತೀನಿ" ಅಂದು ಹೋಗಿ. ನಾಳೆ ಮರೆಯದೆ ಕೇಳಿ. ಬಂದರೆ ದಾರಿಯುದ್ದಕ್ಕೂ ಬುದ್ಧಿ ಹೇಳಬೇಡಿ, ಮಾತಿಲ್ಲದೆ ನಡೆದರೂ ಆಗುತ್ತದೆ. ಎರಡು ನಿಮಿಷಕ್ಕೆ ವಾಪಸ್ ಹೋಗೋಣ ಅಂದರೆ ವಾಪಸ್ ಬನ್ನಿ. ಮುಂದಿನ ಸಲ ನಂಬಿ ಬರುತ್ತಾರೆ.

ಹಂತ 7: ಬರೆದಿಡಿ

ಒಂದು ಪುಟ್ಟ ನೋಟ್‌ಬುಕ್ ಸಾಕು. ತಾರೀಖು, ಏನು ಮಾಡಿದಿರಿ, ಹೊರಡುವ ಮುಂಚೆ ಮನಸ್ಸಿಗೆ 10ಕ್ಕೆ ಎಷ್ಟು ಅಂಕ, ಬಂದ ಮೇಲೆ ಎಷ್ಟು. ಅಷ್ಟೇ.

ಇದನ್ನು ಯಾಕೆ ಒತ್ತಿ ಹೇಳುತ್ತೇನೆಂದರೆ, ಡಿಪ್ರೆಶನ್‌ನಲ್ಲಿ ನೆನಪು ಒಂದು ಕಡೆಗೆ ವಾಲಿರುತ್ತದೆ. ಕೆಟ್ಟದ್ದು ಗಟ್ಟಿಯಾಗಿ ನಿಲ್ಲುತ್ತದೆ, ಒಳ್ಳೆಯದು ಜಾರಿಹೋಗುತ್ತದೆ. "ನಡೆದರೆ ಏನೂ ಆಗಲ್ಲ" ಎಂದು ಮನಸ್ಸು ಹೇಳುವಾಗ ಪುಸ್ತಕ ತೆರೆದು ನೋಡಿ. ಮೊನ್ನೆ 2 ಇದ್ದದ್ದು 4 ಆಗಿತ್ತು ಎಂದು ನಿಮ್ಮದೇ ಕೈಬರಹದಲ್ಲಿ ಇರುತ್ತದೆ. ಕೆಲವು ದಿನ 3 ಇದ್ದದ್ದು 3 ಆಗಿಯೇ ಉಳಿಯುತ್ತದೆ, ಕೆಲವು ದಿನ ಇಳಿಯುತ್ತದೆ ಕೂಡ. ಹಾಗೆಯೇ ಬರೆಯಿರಿ. ತೂಕ ಮಾತ್ರ ಬರೆಯಬೇಡಿ. ಮನಸ್ಸಿಗೋಸ್ಕರ ಶುರು ಮಾಡಿದ ಕೆಲಸ ತೂಕದ ಮುಳ್ಳಿಗೆ ಸಿಕ್ಕಿಹಾಕಿಕೊಂಡರೆ ಕೆಡುತ್ತದೆ.

ಹಂತ 8: ಆಗದ ದಿನಗಳಿಗೆ ಮೊದಲೇ ಸಿದ್ಧರಾಗಿ

ಆಗದ ದಿನ ಬಂದೇ ಬರುತ್ತದೆ. ಅದಕ್ಕೊಂದು ಕಡಿಮೆ ಪ್ರಮಾಣ ಮೊದಲೇ ಗೊತ್ತು ಮಾಡಿಡಿ: ಒಂದು ನಿಮಿಷ, ಮನೆಯೊಳಗೇ. ಅದೂ ಆಗಲಿಲ್ಲವೆಂದರೆ ನೋಟ್‌ಬುಕ್ಕಿನಲ್ಲಿ ಆ ದಿನದ ತಾರೀಖು ಬರೆದು ಖಾಲಿ ಬಿಡಿ. ಬೈದುಕೊಳ್ಳಬೇಡಿ. ಕಾಲು ಮುರಿದವರು ನಡೆಯಲಿಲ್ಲವೆಂದು ಯಾರಾದರೂ ಬೈಯುತ್ತಾರಾ?

ಒಂದು ದಿನ ತಪ್ಪಿದರೆ ಏನೂ ಆಗುವುದಿಲ್ಲ. ವಾರಪೂರ್ತಿ ತಪ್ಪಿದರೆ, ನಿಲ್ಲಿಸಿದ ಜಾಗದಿಂದ ಶುರು ಮಾಡದೆ ಹಂತ 5ರ ಪಟ್ಟಿಯಲ್ಲಿ ಒಂದು ಸಾಲು ಹಿಂದಕ್ಕೆ ಹೋಗಿ. ಎರಡು ವಾರಕ್ಕಿಂತ ಜಾಸ್ತಿ ಏನೂ ಆಗುತ್ತಿಲ್ಲವಾದರೆ, ನಿದ್ದೆ ಊಟವೂ ಏರುಪೇರಾಗಿದ್ದರೆ, ಅದು ಛಲದ ಕೊರತೆ ಅಂದುಕೊಳ್ಳಬೇಡಿ. ಕಾಯಿಲೆ ಹೆಚ್ಚಾಗಿರಬಹುದು. ಡಾಕ್ಟರಿಗೆ ಫೋನ್ ಮಾಡಿ.

ಹಂತ 9: ಆರನೇ ಮತ್ತು ಹನ್ನೆರಡನೇ ವಾರ ಲೆಕ್ಕ ನೋಡಿ

ಆರು ವಾರಕ್ಕೆ ಮೊದಲು ಫಲ ಬಂತಾ ಇಲ್ಲವಾ ಎಂದು ತೀರ್ಪು ಕೊಡಬೇಡಿ. ಎಷ್ಟೋ ಸಲ ಮೊದಲು ಸುಧಾರಿಸುವುದು ನಿದ್ದೆ, ಆಮೇಲೆ ಹಸಿವು, ಆಮೇಲೆ ಮನಸ್ಸು. ನಿಮಗಿಂತ ಮೊದಲು ಮನೆಯವರಿಗೆ ಬದಲಾವಣೆ ಕಾಣುವುದೂ ಉಂಟು, ಅವರನ್ನು ಕೇಳಿ.

ಆರನೇ ವಾರ ಮತ್ತು ಹನ್ನೆರಡನೇ ವಾರ ಪಿಎಚ್‌ಕ್ಯೂ-9 ಮತ್ತೊಮ್ಮೆ ಮಾಡಿ, ಮೊದಲು ಬರೆದಿಟ್ಟ ಅಂಕದ ಜೊತೆ ಹೋಲಿಸಿ. ಐದು ಅಂಕ ಇಳಿದಿದ್ದರೆ ಅದು ನಿಜವಾದ ಬದಲಾವಣೆ. ಹನ್ನೆರಡು ವಾರ ಸರಿಯಾಗಿ ಮಾಡಿಯೂ ಅಂಕ ಇಳಿಯಲಿಲ್ಲ, ಅಥವಾ ನಡುವೆಯೇ ಏರಿತು ಅಂದರೆ ಆ ನೋಟ್‌ಬುಕ್ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ. ಕೆಲವರಿಗೆ ವ್ಯಾಯಾಮದಿಂದ ಹೆಚ್ಚು ಲಾಭ ಆಗುವುದಿಲ್ಲ. ಕೆಲವರಿಗೆ ಒಂದು ಮಾತ್ರೆ ಹಿಡಿಸದೆ ಇನ್ನೊಂದು ಹಿಡಿಸುವ ಹಾಗೆ ಇದೂ. ಬೇರೆ ಚಿಕಿತ್ಸೆಗಳಿವೆ. ನೀವು ಬರೆದಿಟ್ಟ ಪುಟಗಳು ಅದನ್ನು ಆರಿಸಲು ಡಾಕ್ಟರಿಗೆ ನೆರವಾಗುತ್ತವೆ.

ಗುಣವಾದ ಮೇಲೆ

ಒಂದು ಸಲ ಬಂದವರಿಗೆ ಡಿಪ್ರೆಶನ್ ಮತ್ತೆ ಬರುವ ಸಾಧ್ಯತೆ ಇರುತ್ತದೆ. ಡ್ಯೂಕ್‌ನವರು ತಮ್ಮ ಪ್ರಯೋಗದಲ್ಲಿದ್ದವರನ್ನು ಹತ್ತು ತಿಂಗಳ ಮೇಲೆ ಮತ್ತೆ ನೋಡಿದಾಗ, ತಾವಾಗಿಯೇ ವ್ಯಾಯಾಮ ಮುಂದುವರಿಸಿದ್ದವರಲ್ಲಿ ಕಾಯಿಲೆ ಮರಳಿದ್ದು ಕಡಿಮೆ. ನಾರ್ವೆಯಲ್ಲಿ 33,908 ಜನರನ್ನು 11 ವರ್ಷ ಗಮನಿಸಿದ ಅಧ್ಯಯನವೂ ಒಂದಿದೆ. ಎಲ್ಲರೂ ವಾರಕ್ಕೆ ಕನಿಷ್ಠ ಒಂದು ಗಂಟೆ ಏನಾದರೂ ವ್ಯಾಯಾಮ ಮಾಡಿದ್ದರೆ ಹೊಸದಾಗಿ ಬಂದ ಡಿಪ್ರೆಶನ್‌ಗಳಲ್ಲಿ ಸುಮಾರು 12% ತಪ್ಪಿಸಬಹುದಿತ್ತು ಎಂದು ಅದು ಲೆಕ್ಕ ಹಾಕಿತು. ಎಷ್ಟು ಬಿರುಸು ಅನ್ನುವುದು ಅಲ್ಲಿ ಮುಖ್ಯ ಆಗಲಿಲ್ಲ.

ಹಾಗಾಗಿ ಚೆನ್ನಾಗಿದ್ದಾಗ ವಾರಕ್ಕೆ ಒಂದು ಗಂಟೆಯನ್ನಾದರೂ ಉಳಿಸಿಕೊಳ್ಳಿ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ, ಕಾಯಿಲೆ ಮರಳುವಾಗ ನಿಮ್ಮಲ್ಲಿ ಮೊದಲು ಕಾಣುವ ಮೂರು ಗುರುತು ಬರೆದಿಡಿ. ಬೆಳಗ್ಗೆ ನಾಲ್ಕಕ್ಕೇ ಎಚ್ಚರ ಆಗುವುದೋ, ಫೋನ್ ಎತ್ತದೆ ಬಿಡುವುದೋ, ಸ್ನಾನ ಮುಂದೂಡುವುದೋ, ನಿಮಗೇ ಗೊತ್ತಿರುತ್ತದೆ. ಅದರ ಕೆಳಗೆ ಡಾಕ್ಟರ ಫೋನ್ ನಂಬರ್, ಜೊತೆಗೆ ನಡೆಯಲು ಬರುತ್ತಿದ್ದವರ ನಂಬರ್ ಬರೆಯಿರಿ. ಆ ಗುರುತುಗಳಲ್ಲಿ ಎರಡು ಕಂಡ ದಿನ ಎರಡೂ ಕಡೆ ಫೋನ್ ಮಾಡಿ. ಅವತ್ತಿನ ವ್ಯಾಯಾಮ ಮತ್ತೆ ಕುರ್ಚಿಯಿಂದ ಐದು ಸಲ ಎದ್ದು ಕೂರುವುದರಿಂದ ಶುರುವಾಗಲಿ.